ದೂರವಾಣಿನಗರದ ಡಯಲು

ಕೃಷ್ಣರಾಜಪುರದ ಬಳಿಯ ದೂರವಾಣಿನಗರಕ್ಕೆ ಆ ಹೆಸರು ಬಂದದ್ದು 1948ರಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಜನರ ಬಾಯಲ್ಲಿನ ಐಟಿಐ ಕಾರ್ಖಾನೆಯಿಂದ. ದಶಕಗಳ ಕಾಲ ಇಲ್ಲಿ ತಯಾರಾದ ದೂರವಾಣಿಗಳ ತಿರುಗುವ ಡಯಲು ಬಳಸುವವರಿಗೆ ಎಷ್ಟು ಅನುಕೂಲವಾಗಿತ್ತು?

ನಿಜ ಹೇಳಬೇಕೆಂದರೆ, ಅದು ಬೆರಳಿಗಿಂತ ಸ್ಟ್ರೌಜರ್ ವಿನಿಮಯ ಕೇಂದ್ರದ ಯಂತ್ರಕ್ಕೆ ಅನುಕೂಲವಾಗಿತ್ತು. ತಿರುಗಿಸಿ ಬಿಟ್ಟ ಡಯಲು ಹಿಂತಿರುಗುವಾಗ ತಂತಿಯ ವಿದ್ಯುತ್ತು 1ಕ್ಕೆ ಒಮ್ಮೆ, 9ಕ್ಕೆ ಒಂಬತ್ತು ಸಲ, ಸೊನ್ನೆಗೆ ಹತ್ತು ಸಲ ಕಡಿಯುತ್ತಿತ್ತು. ಸೆಕೆಂಡಿಗೆ ಸುಮಾರು 10 ಮಿಡಿತ. ದೆಹಲಿಯ 011ಕ್ಕೆ 12 ಮಿಡಿತ ಸಾಕಾದರೆ, ಬೆಂಗಳೂರಿನ 080ಕ್ಕೆ 28 ಬೇಕು. ಅವಸರದಲ್ಲಿ ಪೊಲೀಸರನ್ನು ಕರೆಯುವ 100ಕ್ಕೂ 21! ಕೊನೆಯ ಅಂಕಿಯಲ್ಲಿ ಬೆರಳು ಜಾರಿದರೆ ಮತ್ತೆ ಮೊದಲಿನಿಂದ. 1947ರಲ್ಲಿ ನ್ಯೂಯಾರ್ಕಿಗೆ 5 ಮಿಡಿತದ 212 ಕೊಟ್ಟ ಅಮೆರಿಕನ್ನರಿಗೆ ಈ ಲೆಕ್ಕ ಗೊತ್ತಿತ್ತು.

ಗುಂಡಿಯ ದೂರವಾಣಿಯ ವಿಷಯದಲ್ಲಿ ಬಳಸುವವರನ್ನೇ ಕೇಳಿದ್ದು ಅಮೆರಿಕದ ಬೆಲ್ ಪ್ರಯೋಗಾಲಯ. ಮನಶ್ಶಾಸ್ತ್ರಜ್ಞ ಜಾನ್ ಕಾರ್ಲಿನ್ ಅವರ ತಂಡ 1950ರ ದಶಕದಲ್ಲಿ ಗುಂಡಿಗಳನ್ನು ಹಲವು ಬಗೆಯಲ್ಲಿ ಜೋಡಿಸಿ, ಜನರ ಕೈಗಿತ್ತು, ವೇಗ, ತಪ್ಪು, ಮೆಚ್ಚಿಕೆಗಳನ್ನು ದಾಖಲಿಸಿತು. ಸ್ವಾರಸ್ಯವೆಂದರೆ ಅನೇಕ ಜೋಡಣೆಗಳ ನಡುವಿನ ಅಂತರ ಅಲ್ಪ. ಮೇಲುಸಾಲಿನಲ್ಲಿ 1-2-3 ಇರುವ ಜೋಡಣೆ ಆಯ್ಕೆಯಾಗಿ 1963ರಲ್ಲಿ ಗ್ರಾಹಕರನ್ನು ತಲುಪಿತು. ವೆಬ್‌ಸೈಟುಗಳನ್ನು ಪರೀಕ್ಷಿಸುವ ಕ್ರಮವೂ ಇಂದು ಹೆಚ್ಚುಕಡಿಮೆ ಇದೇ: ಬಳಸುವವರನ್ನು ಕೂರಿಸಿ, ಎಲ್ಲಿ ತಡವರಿಸುತ್ತಾರೆಂದು ನೋಡುವುದು.

ಇಂದಿನ ಮೊಬೈಲಿನಲ್ಲೂ ಕರೆ ಮಾಡುವ ಪರದೆಯ ಮೇಲುಸಾಲಿನಲ್ಲಿ 1-2-3 ಇದೆ. ಅದೇ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಮಾತ್ರ, ಹಳೆಯ ಲೆಕ್ಕದ ಯಂತ್ರದಂತೆ, 7-8-9 ಮೇಲೆ ಕುಳಿತಿದೆ.