ಬ್ಯಾಟರಿಯ ಮೇಲಿನ ಅಪವಾದ

ಅಮೆರಿಕದಲ್ಲಿ ಅಂಗಡಿಗಳಿಗೆ ಸರಕು ಇಳಿಸುವ ಅನೇಕ ಟ್ರೇಲರ್‌ಗಳ ಹಿಂಬದಿಗೆ ಲಿಫ್ಟ್‌ಗೇಟ್ ಇರುತ್ತದೆ. ಗುಂಡಿ ಒತ್ತಿದರೆ ಹೈಡ್ರಾಲಿಕ್ ಪಂಪು ತಿರುಗಿ, ಉಕ್ಕಿನ ಹಲಗೆ ಹೊರೆಯ ಸಮೇತ ಮೇಲೇರುತ್ತದೆ. ಏರುವಾಗ 12 ವೋಲ್ಟಿನ ಮೋಟಾರು 150–200 ಆಂಪಿಯರ್ ಎಳೆಯುವುದುಂಟು. ಇಳಿಯಲು ಸಾಮಾನ್ಯವಾಗಿ ಅದರ ಭಾರವೇ ಸಾಕು. ಅಷ್ಟು ಕರೆಂಟನ್ನು ಮುಂದಿನ ಲಾರಿಯಿಂದ ತರುವುದು ಕಷ್ಟವೆಂದು ಟ್ರೇಲರಿನಲ್ಲೇ ಬ್ಯಾಟರಿ ಇಡುತ್ತಾರೆ. ಗಾಡಿ ಓಡುವಾಗ ಲಾರಿಯ ಆಲ್ಟರ್ನೇಟರ್ ಅದನ್ನು ಚಾರ್ಜ್ ಮಾಡಬೇಕು. ಗೇಟು ಮೇಲೇಳದಿದ್ದರೆ ಮೊದಲ ಅಪವಾದ ಬ್ಯಾಟರಿಗೆ. ಅದನ್ನು ಕಿತ್ತು ಹೊಸದು ಹಾಕುತ್ತಾರೆ, ಸ್ವಲ್ಪ ಕಾಲ ಕಳೆದ ಮೇಲೆ ಮತ್ತೆ ಅದೇ ದೂರು. ಇದನ್ನು ಮೆಕ್ಯಾನಿಕ್‌ಗಳ ಅಸಡ್ಡೆ ಎನ್ನಲು ನನಗೆ ಮನಸ್ಸಿಲ್ಲ. ಡೈನಮೋ ಮತ್ತು ಬ್ಯಾಟರಿ ಕೈಯಳತೆಯಲ್ಲಿದ್ದ ಕಾಲದಲ್ಲಿ ಈ ಕಸುಬು ಹುಟ್ಟಿತು. ನಡುವಿನ ತಂತಿ ಉದ್ದವಾದರೂ ಪರೀಕ್ಷೆಯ ಕ್ರಮ ಆಗಿನದೇ ಉಳಿಯಿತು.

ಸೀಸ-ಆಮ್ಲದ ಬ್ಯಾಟರಿಯನ್ನು 1859ರಲ್ಲಿ ರೂಪಿಸಿದವನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ. ಅದು ಕಾರಿನ ಅನಿವಾರ್ಯ ಅಂಗವಾಗತೊಡಗಿದ್ದು ಚಾರ್ಲ್ಸ್ ಕೆಟರಿಂಗ್‌ನ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲ್ಯಾಕ್‌ನಲ್ಲಿ ಬಂದ ಮೇಲೆ. ಆಗಿನ ಎಲೆಕ್ಟ್ರಿಷಿಯನ್ ಹೈಡ್ರೋಮೀಟರಿನಲ್ಲಿ ಆಸಿಡ್ ಎಳೆದು ಅದರ ಸಾಪೇಕ್ಷ ಸಾಂದ್ರತೆ (ಗ್ರಾವಿಟಿ) ನೋಡುತ್ತಿದ್ದ, 1.265ರ ಆಸುಪಾಸಿದ್ದರೆ ಬ್ಯಾಟರಿ ತುಂಬಿದೆ, ಇಲ್ಲದಿದ್ದರೆ ಬ್ಯಾಟರಿಯಲ್ಲೋ ಡೈನಮೋದಲ್ಲೋ ಅವೆರಡನ್ನು ಜೋಡಿಸುವ ಕಟೌಟ್ ರಿಲೇಯಲ್ಲೋ ದೋಷವಿದೆ. ನಡುವಿನ ತಂತಿ ಗಿಡ್ಡದು, ಕಣ್ಣೆದುರಿನದು. ಅದನ್ನು ಅನುಮಾನಿಸುವ ಪ್ರಸಂಗ ಕಡಿಮೆ. ದೂರದ ತಂತಿಯ ದೋಷ ಹುಡುಕುವ ವಿದ್ಯೆ ಅಷ್ಟರಲ್ಲಾಗಲೇ ಬೇರೊಂದು ಕಸುಬಿನಲ್ಲಿ, ಟೆಲಿಗ್ರಾಫಿನವರಲ್ಲಿ, ಪಳಗಿತ್ತು. 1858ರ ಅಟ್ಲಾಂಟಿಕ್ ಕೇಬಲ್‌ನಲ್ಲಿ ಸಂಕೇತ ಕ್ಷೀಣವಾಗಿದ್ದಾಗ ಅದರ ಎಲೆಕ್ಟ್ರಿಷಿಯನ್ ವೈಲ್ಡ್‌ಮನ್ ವೈಟ್‌ಹೌಸ್ ಸುಮಾರು 2,000 ವೋಲ್ಟ್ ಹರಿಸಿದ. ಮೊದಲೇ ದುರ್ಬಲವಾಗಿದ್ದ ಕೇಬಲ್ ಕೆಲವೇ ವಾರಗಳಲ್ಲಿ ಸತ್ತಿತು. ದಾರಿಯನ್ನು ಪರೀಕ್ಷಿಸದೆ ಮೂಲದ ಬಲವನ್ನಷ್ಟೇ ಏರಿಸಿದ್ದರ ಫಲ ಅದು. ಆ ಬಳಿಕದ ಕೇಬಲ್ ಎಂಜಿನಿಯರುಗಳು ದಡದಲ್ಲೇ ಕೂತು ತಂತಿಯ ರೋಧ ಅಳೆದು, ದೋಷ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುವುದನ್ನು ಶಾಸ್ತ್ರವಾಗಿಯೇ ಬೆಳೆಸಿದರು. ವೋಲ್ಟ್, ಆಂಪಿಯರ್, ಓಮ್ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಅಳೆಯುವ ಆವೋಮೀಟರನ್ನು 1923ರ ಹೊತ್ತಿಗೆ ಕೊಟ್ಟ ಡೊನಾಲ್ಡ್ ಮಕಾಡಿ ಕೂಡ ಟೆಲಿಗ್ರಾಫನ್ನೂ ನಡೆಸುತ್ತಿದ್ದ ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರನೇ. ಅಂಥ ಮೀಟರು ಗ್ಯಾರೇಜಿಗೂ ಬಂತು, ಅದರ ಹಿಂದಿನ ಶಿಸ್ತು ಅಷ್ಟಾಗಿ ಬರಲಿಲ್ಲ.

ಟ್ರೇಲರಿನ ವಿಷಯದಲ್ಲಿ ಆ ಕೊರತೆ ಎದ್ದು ಕಾಣುತ್ತದೆ. ಅಮೆರಿಕದ ಸಾಮಾನ್ಯ ಟ್ರೇಲರ್ 53 ಅಡಿ, ಅಂದರೆ 16 ಮೀಟರು ಉದ್ದ. ಹಲವು ಗಾಡಿಗಳಲ್ಲಿ ಲಿಫ್ಟ್‌ಗೇಟಿನ ಚಾರ್ಜ್ ಬರುತ್ತಿದ್ದದ್ದು ಏಳು ಪಿನ್ನಿನ ಪ್ಲಗ್ಗಿನ ನಡುವಿನ ಪಿನ್ನಿನಿಂದ, ನೀಲಿ ತಂತಿಯಲ್ಲಿ. 1998ರ ಮಾರ್ಚ್‌ನಿಂದ ಹೊಸ ಟ್ರೇಲರುಗಳಿಗೆ ಎಬಿಎಸ್ ಬ್ರೇಕು ಕಡ್ಡಾಯವಾದಾಗ ಅದಕ್ಕೆ ಸದಾ ವಿದ್ಯುತ್ ಕೊಡುವ ಹೊಣೆಯೂ ಅದೇ ತಂತಿಗೆ ಬಿತ್ತು. ಚಾರ್ಜಿಗೆಂದೇ ಬೇರೆ ದಪ್ಪ ಕೇಬಲ್, ಬೇರೆ ಪ್ಲಗ್ ಹಾಕಿದರೂ ದಾರಿಯುದ್ದಕ್ಕೆ ಸಂಧಿಗಳು ತಪ್ಪುವುದಿಲ್ಲ. ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಪ್ಲಗ್ಗಿನೊಳಗೆ ಸೇರುತ್ತದೆ. ಹಿತ್ತಾಳೆ ಪಿನ್ನಿಗೆ ಹಸಿರು ಕಿಲುಬು ಕಟ್ಟುತ್ತದೆ, ಹೊರಗೆ ನೆಟ್ಟಗೆ ಕಾಣುವ ತಂತಿಯ ತಾಮ್ರ ಪ್ಲಾಸ್ಟಿಕ್ಕಿನೊಳಗೇ ಕಪ್ಪಾಗುತ್ತದೆ. ಹೋಗಿಬರುವ ದಾರಿಯ ಒಟ್ಟು ರೋಧ 0.1 ಓಮ್ ಎಂದುಕೊಳ್ಳಿ. 20 ಆಂಪಿಯರ್ ಹರಿಯಬೇಕೆಂದರೆ 2 ವೋಲ್ಟ್ ದಾರಿಯಲ್ಲೇ ಕರಗಿ, 14 ಹೊರಟದ್ದು 12 ಆಗಿ ತಲುಪಬೇಕು. ತುಂಬಿದ ಬ್ಯಾಟರಿ ಸುಮ್ಮನಿದ್ದಾಗಲೇ 12.6 ತೋರಿಸುತ್ತದೆ, ಅದನ್ನು ತುಂಬಿಸಲು 12 ಸಾಲದು. ಹಾಗಾಗಿ ಬ್ಯಾಟರಿ ತುಂಬುತ್ತ ಬಂದಂತೆ 20ರ ಬದಲು ಕೆಲವೇ ಆಂಪಿಯರ್ ಒಳಹೋಗುತ್ತದೆ, ಒಂದು ಅಂಗಡಿಯಿಂದ ಮುಂದಿನ ಅಂಗಡಿಗೆ ಹೋಗುವಷ್ಟರಲ್ಲಿ ಖರ್ಚಾದದ್ದು ಭರ್ತಿಯಾಗುವುದಿಲ್ಲ. ತಂತಿಯಲ್ಲಿ ವಿದ್ಯುತ್ ಇದೆಯೇ ಎಂದು ನೋಡುವ ಟೆಸ್ಟ್ ಲ್ಯಾಂಪ್ ಇಲ್ಲೇ ಕೈಕೊಡುವುದು. ಅರ್ಧ ಆಂಪಿಯರೂ ಎಳೆಯದ ಬಲ್ಬಿಗೆ ಆ ದಾರಿಯಲ್ಲಿ ನಷ್ಟವಾಗುವುದು 0.05 ವೋಲ್ಟಿಗಿಂತ ಕಡಿಮೆ. ಅದು ಝಗ್ಗನೆ ಉರಿಯುತ್ತದೆ. ಬ್ಯಾಟರಿ ಬಿಚ್ಚಿ ತಂತಿಯ ತುದಿಗೆ ಮೀಟರ್ ಹಿಡಿದರೂ 14 ವೋಲ್ಟೇ ಕಾಣುತ್ತದೆ. ಇವೆರಡನ್ನೂ ನಂಬಿದವನಿಗೆ ಉಳಿಯುವ ತೀರ್ಮಾನ ಬ್ಯಾಟರಿ ಕೆಟ್ಟಿದೆ ಎಂಬುದೊಂದೇ. ನಿಜ ಗೊತ್ತಾಗಬೇಕಾದರೆ ಚಾರ್ಜ್ ಹರಿಯುತ್ತಿರುವಾಗಲೇ ಉದ್ದ ತಂತಿಯ ಸಹಾಯದಿಂದ ಮೀಟರಿನ ಒಂದು ಕಡ್ಡಿಯನ್ನು ಲಾರಿಯ ಬ್ಯಾಟರಿಯ ಪ್ಲಸ್ಸಿಗೂ ಇನ್ನೊಂದನ್ನು ಗೇಟಿನ ಬ್ಯಾಟರಿಯ ಪ್ಲಸ್ಸಿಗೂ ಇಡಬೇಕು. ಆಮೇಲೆ ಮೈನಸ್ ಬದಿಯಲ್ಲೂ ಅದನ್ನೇ ಮಾಡಬೇಕು. ಈ ಎರಡನೆಯದನ್ನು ಬಿಟ್ಟುಬಿಡುವವರೇ ಹೆಚ್ಚು, ಅರ್ತ್ ಕೆಟ್ಟಿದ್ದರೂ ನಷ್ಟ ಅಷ್ಟೇ.

ಬ್ಯಾಟರಿಗಳು ನಿಜವಾಗಿಯೂ ಸಾಯುತ್ತವಲ್ಲ, ಲೋಡ್ ಟೆಸ್ಟಿನಲ್ಲೂ ಸೋಲುತ್ತವಲ್ಲ ಎಂಬ ಆಕ್ಷೇಪಕ್ಕೆ ಬಲವಿದೆ. ಸದಾ ಅರೆಹೊಟ್ಟೆಯಲ್ಲಿರುವ ಬ್ಯಾಟರಿಯ ಪ್ಲೇಟುಗಳಲ್ಲಿ ಸೀಸದ ಸಲ್ಫೇಟ್ ಗಟ್ಟಿ ಹರಳಾಗುತ್ತದೆ. ಒಂದು ಹಂತ ದಾಟಿದ ಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಚೇತರಿಸಿಕೊಳ್ಳದು. ಅಂಥದ್ದನ್ನು ಬದಲಿಸಲೇಬೇಕು. ಆದರೆ ಅದರ ಸಾವಿಗೂ ಹಲವು ಸಲ ಆ ತಂತಿಯೇ ಕಾರಣ, ಹೊಸ ಬ್ಯಾಟರಿಗೂ ಅದೇ ಗತಿ. ವೋಲ್ಟೇಜ್ ಏರಿಸಿಕೊಡುವ ಡಿಸಿ-ಡಿಸಿ ಚಾರ್ಜರನ್ನು ಗೇಟಿನ ಬಳಿ ಹಾಕಿದರೆ ಈ ಹುಡುಕಾಟವೇ ಬೇಡ ಎನ್ನುವವರೂ ಇದ್ದಾರೆ. ತಂತಿ ಸುಸ್ಥಿತಿಯಲ್ಲಿದ್ದು, ದೂರದ ದೆಸೆಯಿಂದ ಮಾತ್ರ ವೋಲ್ಟೇಜ್ ಕುಸಿಯುವಲ್ಲಿ ಅದು ಒಳ್ಳೆಯ ಪರಿಹಾರವೆಂದು ನಾನೂ ಒಪ್ಪುತ್ತೇನೆ. ಕಿಲುಬು ಹಿಡಿದ ಸಂಧಿಯ ಮುಂದೆ ಅದರ ಆಟ ನಡೆಯದು. ಹೊರಗೆ ಅಷ್ಟೇ ಶಕ್ತಿ ಕೊಡಲು, ಒಳಬರುವ ವೋಲ್ಟೇಜ್ ಇಳಿದಷ್ಟೂ ಅದು ಹೆಚ್ಚು ಕರೆಂಟು ಎಳೆಯುತ್ತದೆ. ಕರೆಂಟು ಹೆಚ್ಚಿದಂತೆ ಆ ಸಂಧಿಯಲ್ಲಿ ನಷ್ಟ ಹೆಚ್ಚಿ, ಪಿನ್ನು ಕಾದು, ವೋಲ್ಟೇಜ್ ಇನ್ನೂ ಇಳಿಯುತ್ತದೆ. ಕನಿಷ್ಠ ಮಿತಿ ಇರುವ ಚಾರ್ಜರ್ ಅಲ್ಲಿಗೆ ಮುಟ್ಟಿದ ಕೂಡಲೇ ನಿಂತುಬಿಡುತ್ತದೆ. ಆಗಲೂ ಮೀಟರಿನ ಎರಡು ಕಡ್ಡಿಗಳನ್ನು ಮೊದಲು ಇಡಬೇಕಾದದ್ದು ಆ ಪ್ಲಗ್ಗಿನ ಈಚೆ ಬದಿಗೊಂದು, ಆಚೆ ಬದಿಗೊಂದು.