ಉಪ್ಪಾಗೆ ಮಾತ್ರೆ ತಿಂದರೆ ಬೊಜ್ಜು ಕರಗುತ್ತದೆಯೇ?

"ನಮ್ಮ ಪಶ್ಚಿಮ ಘಟ್ಟದ ಉಪ್ಪಾಗೆಯಲ್ಲಿ ಬೊಜ್ಜು ಕರಗಿಸುವ ಔಷಧಿ ಇದೆ. ಡಯೆಟ್ ಬೇಡ, ವ್ಯಾಯಾಮ ಬೇಡ. ಸೈಡ್ ಎಫೆಕ್ಟ್ ಇಲ್ಲ. ಎಲ್ಲರಿಗೂ ಕಳುಹಿಸಿ." ಇಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಸ್ವಲ್ಪ ನಿಜವಿದೆ, ಅಪಾಯಕಾರಿ ಸುಳ್ಳೂ ಇದೆ.

ಉಪ್ಪಾಗೆ ಎಂದರೆ ಯಾವುದು?

ಕುಮಟಾ–ಶಿರಸಿ ರಸ್ತೆಯ ಕತಗಾಲದ ಸುತ್ತಲಿನವರಿಗೆ ಈ ಮರ ಹೊಸದಲ್ಲ. ಇದು ಮುರುಗಲಿನ ಹತ್ತಿರದ ಸಂಬಂಧಿ. ಹಣ್ಣು ಮಳೆಗಾಲದಲ್ಲಿ ಬರುವುದರಿಂದ ಸಿಪ್ಪೆಯನ್ನು ಬೆಂಕಿಯ ಕಾವಿನಲ್ಲಿ ಒಣಗಿಸುತ್ತಾರೆ. ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಕೇರಳದಲ್ಲಿ ಒಣಸಿಪ್ಪೆ ಮೀನು ಸಾರಿನ ಹುಳಿ. ಅಂಗಡಿಯ ಡಬ್ಬಿಯ ಮೇಲೆ ಇದರ ಹೆಸರು 'ಗಾರ್ಸಿನಿಯಾ ಕಂಬೋಜಿಯಾ'.

ನಿಜ ಎಷ್ಟು?

ಇದರ ಹುಳಿ ಸಿಟ್ರಿಕ್ ಅಥವಾ ಟಾರ್ಟಾರಿಕ್ ಆಮ್ಲದ್ದು ಎಂದು ಹಿಂದೆ ಎಣಿಸಲಾಗಿತ್ತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ (ಸಿಎಫ್‌ಟಿಆರ್‌ಐ) ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ 1965ರಲ್ಲಿ ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿದರು.

ನಾವು ತಿಂದ ಸಕ್ಕರೆ, ಪಿಷ್ಟ ಹೆಚ್ಚಾದಾಗ ಜೀವಕೋಶದಲ್ಲಿ ಸಿಟ್ರೇಟ್ ಉಳಿಯುತ್ತದೆ. ಎಟಿಪಿ ಸಿಟ್ರೇಟ್ ಲೈಯೇಸ್ ಎಂಬ ಕಿಣ್ವ ಅದನ್ನು ಕತ್ತರಿಸುತ್ತದೆ. ಆ ತುಣುಕಿನಿಂದ ದೇಹ ಕೊಬ್ಬು ಮತ್ತು ಕೊಲೆಸ್ಟರಾಲ್ ಎರಡನ್ನೂ ತಯಾರಿಸುತ್ತದೆ. ಉಪ್ಪಾಗೆಯ ಆಮ್ಲ ನೋಡಲು ಸಿಟ್ರೇಟಿನಂತೆಯೇ ಇರುವುದರಿಂದ ಕಿಣ್ವಕ್ಕೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ಬೀಗಕ್ಕೆ ತಪ್ಪು ಕೀಲಿ ಸಿಕ್ಕಿಕೊಂಡ ಹಾಗೆ. 1969ರಲ್ಲಿ ಅಮೆರಿಕದ ವಿಜ್ಞಾನಿಗಳು ಇದನ್ನು ಪ್ರಯೋಗಾಲಯದಲ್ಲಿ ಕಂಡರು. ಇಲಿಗಳಲ್ಲಿ ಕೊಬ್ಬಿನ ತಯಾರಿ ಕಡಿಮೆಯಾಯಿತು.

ಮನುಷ್ಯರಲ್ಲಿ ಏನಾಯಿತು?

1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 135 ಮಂದಿಯನ್ನು ಎರಡು ಗುಂಪು ಮಾಡಿ 12 ವಾರ ನೋಡಲಾಯಿತು. ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಆಮ್ಲ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆ. ಇಬ್ಬರಿಗೂ ಒಂದೇ ಮಿತ ಆಹಾರ. ಆಮ್ಲ ತಿಂದವರು ಸರಾಸರಿ 3.2 ಕಿಲೋ, ಹುಸಿ ಮಾತ್ರೆ ತಿಂದವರು 4.1 ಕಿಲೋ ಇಳಿದರು. ಅಂದರೆ ತೂಕ ಇಳಿಸಿದ್ದು ಊಟದ ಮಿತಿ, ಮಾತ್ರೆಯಲ್ಲ.

ಕಾರಣ ಸರಳ. ಸಾಮಾನ್ಯ ಊಟ ಮಾಡುವ ಮನುಷ್ಯನಲ್ಲಿ ಸಕ್ಕರೆಯಿಂದ ಹೊಸದಾಗಿ ತಯಾರಾಗುವ ಕೊಬ್ಬು ಕಡಿಮೆ. ಹೆಚ್ಚಿನದು ತಿಂದ ಎಣ್ಣೆ, ತುಪ್ಪದಿಂದಲೇ ನೇರವಾಗಿ ಶೇಖರವಾಗುತ್ತದೆ.

ಹಾಗಾದರೆ ಆ ಸಂಶೋಧನೆ ವ್ಯರ್ಥವೇ?

ಇಲ್ಲ. ಅದೇ ಕಿಣ್ವವನ್ನು ತಡೆಯುವ, ಪ್ರಯೋಗಾಲಯದಲ್ಲಿ ತಯಾರಾದ ಬೆಂಪೆಡೋಯಿಕ್ ಆಮ್ಲ ಎಂಬ ಔಷಧಿಗೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇದು ಉಪ್ಪಾಗೆಯಿಂದ ತೆಗೆದದ್ದಲ್ಲ. ನುಂಗುವಾಗ ನಿಷ್ಕ್ರಿಯವಾಗಿದ್ದು, ಯಕೃತ್ತಿನಲ್ಲಿ ಸಕ್ರಿಯವಾಗುತ್ತದೆ. ಅದನ್ನು ಸಕ್ರಿಯಗೊಳಿಸುವ ಕಿಣ್ವ ಸ್ನಾಯುಗಳಲ್ಲಿ ಇಲ್ಲ. ಹಾಗಾಗಿ ಸ್ಟ್ಯಾಟಿನ್ ಮಾತ್ರೆಯಿಂದ ಮೈಕೈ ನೋವು ಬರುವವರಿಗೆ ಇದು ಉಪಯುಕ್ತ. ಸ್ಟ್ಯಾಟಿನ್ ಒಗ್ಗದ ಸುಮಾರು 14,000 ಮಂದಿಯ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೃದಯಾಘಾತದಂಥ ಗಂಭೀರ ತೊಂದರೆಗಳು ಶೇ. 13ರಷ್ಟು ಕಡಿಮೆಯಾದವು. ಆದರೆ ಇದು ಕೊಲೆಸ್ಟರಾಲಿನ ಔಷಧಿ, ತೂಕದ್ದಲ್ಲ. ಯೂರಿಕ್ ಆಮ್ಲ ಹೆಚ್ಚಿಸಬಹುದಾದ್ದರಿಂದ ವೈದ್ಯರ ಚೀಟಿ ಬೇಕು.

"ಸೈಡ್ ಎಫೆಕ್ಟ್ ಇಲ್ಲ" ನಿಜವೇ?

ಸುಳ್ಳು. ಗಾರ್ಸಿನಿಯಾ ಮಾತ್ರೆ ತಿಂದು ಯಕೃತ್ತಿಗೆ ಹಾನಿಯಾದ 22 ಮಂದಿಯ ವಿವರ ಅಮೆರಿಕದಲ್ಲಿ 2022ರಲ್ಲಿ ಪ್ರಕಟವಾಯಿತು. ಹಲವರ ಮಾತ್ರೆಯಲ್ಲಿ ಗ್ರೀನ್ ಟೀ ಸಾರವೂ ಇತ್ತು.

ಏನು ಮಾಡಬೇಕು?

ಅಡುಗೆಗೆ ಉಪ್ಪಾಗೆ ಹುಳಿ ಬಳಸಲು ಹೆದರಬೇಕಿಲ್ಲ. ಸಾರಿಗೆ ಹಾಕುವ ಎರಡು ಸಿಪ್ಪೆ ಬೇರೆ, ದಿನವೂ ನುಂಗುವ ಗಟ್ಟಿ ಸಾರದ ಮಾತ್ರೆ ಬೇರೆ. ಈಗಾಗಲೇ ಮಾತ್ರೆ ತಿನ್ನುತ್ತಿದ್ದು ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ವಾಕರಿಕೆ ಬಂದರೆ ತಕ್ಷಣ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಡಬ್ಬಿಯನ್ನೂ ಒಯ್ಯಿರಿ. ಸಕ್ಕರೆ ಕಾಯಿಲೆ, ಬಿಪಿಯ ಔಷಧಿ ಬಿಟ್ಟು ಇದನ್ನು ಹಿಡಿಯಬೇಡಿ.

ಆ ಸಂದೇಶ ಮತ್ತೆ ಬಂದರೆ ಫಾರ್ವರ್ಡ್ ಮಾಡಬೇಡಿ. ಕಳುಹಿಸಿದವರಿಗೆ ಇದನ್ನು ಕಳುಹಿಸಿ.