ತೊನ್ನು ಮತ್ತು ಅದರೊಡನೆ ಬರುವ ಬೇನೆಗಳು: ಒಂದು ಐತಿಹಾಸಿಕ ನೋಟ

ವಾಚಕ ಬಂಧುಗಳಲ್ಲಿ ಅನೇಕರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು ಕಂಡಿರಬಹುದು. 1892ರಲ್ಲಿ ಬಿ. ಎಲ್. ರೈಸ್ ಅವರು ಅಲ್ಲಿಯೂ ಸಮೀಪದ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳನ್ನು ಬೆಳಕಿಗೆ ತಂದರು. ಕ್ರಿಸ್ತಪೂರ್ವ 3ನೆಯ ಶತಮಾನದ ಬ್ರಹ್ಮಗಿರಿಯ ಬರಹ ಆರಂಭವಾಗುವ ರೀತಿ ಗಮನಾರ್ಹವಾದುದು. ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಮೊಟ್ಟಮೊದಲು ಆರೋಗ್ಯವನ್ನು ಹಾರೈಸುತ್ತಾರೆ. ರಾಜಾಜ್ಞೆ ಬರುವುದು ಆಮೇಲೆ.

ಇದೇ ಸೀಮೆಯಲ್ಲಿ, ನೆರೆಯ ಚಳ್ಳಕೆರೆಯ ಕಡೆಯಲ್ಲಿಯೂ, ಮೈಮೇಲೆ ತೊನ್ನಿನ ಬಿಳಿ ಮಚ್ಚೆ ಮೂಡಿದವರನ್ನು ಕಂಡಾಗ ನಾವು ಕೇಳುವುದೇನು? ಮನೆತನದಲ್ಲಿ ಯಾರಿಗಿತ್ತು, ಹೆಣ್ಣಿಗೆ ಗಂಡು ಗೊತ್ತಾಯಿತೆ ಎಂದು. ಆರೋಗ್ಯ ಹೇಗಿದೆಯೆಂದು ಕೇಳುವವರು ವಿರಳ. ಈ ಮರೆವಿಗೆ ದೀರ್ಘವಾದ ಇತಿಹಾಸವಿದೆ.

ಅಥರ್ವವೇದದಲ್ಲಿ ಕಿಲಾಸವೆಂಬ ಬಿಳಿ ಕಲೆಯನ್ನು ಕಪ್ಪು ಮೂಲಿಕೆಯಿಂದ ಹೋಗಲಾಡಿಸುವ ಪ್ರಾರ್ಥನೆ ಇದೆ. ಅಲ್ಲಿ ಕಾಣುವುದು ಗುಣಪಡಿಸುವ ಹಂಬಲ. ಚರಕಸಂಹಿತೆಯ ಕಾಲಕ್ಕೆ ಅದು ಶ್ವಿತ್ರವೆಂಬ ಹೆಸರಿನಿಂದ ಕುಷ್ಠಚಿಕಿತ್ಸೆಯ ಅಧ್ಯಾಯದೊಳಗೆ ಸೇರಿತು. ಸುಳ್ಳು, ಕೃತಘ್ನತೆ, ಗುರುನಿಂದೆ, ಪೂರ್ವಜನ್ಮದ ಕರ್ಮ ಇವೆಲ್ಲ ಕಾರಣಗಳೆಂದು ಅಲ್ಲಿ ಹೇಳಲಾಯಿತು. ಚರಕರ ಪಾಂಡಿತ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೆ ಈ ಒಂದು ಮಾತು ಮಾಡಿದ ಹಾನಿ ಸಣ್ಣದಲ್ಲ. ಶ್ವೇತಕುಷ್ಠವೆಂಬ ಹೆಸರು ಉಳಿಯಿತು, ಹೆಸರಿನೊಡನೆ ಪಾಪದ ಶಂಕೆಯೂ ಉಳಿಯಿತು. ಜಾತಿ, ಜನನ, ಪ್ರೇತ, ರಜಸ್ಸು, ಉಚ್ಛಿಷ್ಟ ಎಂಬ ಪಂಚಸೂತಕಗಳನ್ನು ಇಷ್ಟಲಿಂಗಧಾರಿಗೆ ಇಲ್ಲವೆಂದ ಶರಣರ ಮಕ್ಕಳು ನಾವು. ಆರನೆಯ ಸೂತಕವೊಂದನ್ನು ಚರ್ಮದ ಬಣ್ಣದಲ್ಲಿ ಹುಡುಕುವುದು ಯಾವ ಧರ್ಮ?

1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಎಂಬ ವೈದ್ಯನು ಕುಷ್ಠಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಕಂಡುಹಿಡಿದನು. ತೊನ್ನಿಗೆ ಅಂತಹ ಯಾವ ಜೀವಿಯೂ ಕಾರಣವಲ್ಲ, ಅದು ಅಂಟುವುದಿಲ್ಲ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕುಂದುತ್ತದೆ, ತೊನ್ನಿನ ಮಚ್ಚೆಯಲ್ಲಿ ಕುಂದುವುದಿಲ್ಲ. (ಕುಷ್ಠವೂ ಔಷಧದಿಂದ ಪೂರ್ಣ ವಾಸಿಯಾಗುವ ರೋಗವೇ, ಅದಕ್ಕೂ ಅಂಜಬೇಕಾಗಿಲ್ಲ.) 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಕುಷ್ಠವು ವಿಚ್ಛೇದನಕ್ಕೆ ಕಾರಣವೆಂದು ಬರೆದಿದ್ದುದನ್ನು 2019ರಲ್ಲಿ ತೆಗೆದುಹಾಕಲಾಯಿತು. ತೊನ್ನಿನ ಹೆಸರು ಆ ಪಟ್ಟಿಯಲ್ಲಿ ಎಂದೂ ಇರಲಿಲ್ಲ.

ಹಾಗಾದರೆ ತೊನ್ನಿನ ನಿಜವಾದ ಸಂಗಾತಿಗಳು ಯಾರು? ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಥಾಮಸ್ ಅಡಿಸನ್ 1855ರಲ್ಲಿ ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳ ರೋಗವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ಅದರಲ್ಲಿ ಬಿಳಿ ಮಚ್ಚೆಗಳಿದ್ದ ರೋಗಿಯ ವಿವರವೂ ಇದೆ. ಮಚ್ಚೆಗೂ ಒಳಗಿನ ಗ್ರಂಥಿಗೂ ಇರುವ ನಂಟು ಅಲ್ಲಿ ದಾಖಲಾಯಿತಾದರೂ ಕಾರಣ ತಿಳಿಯಲು ಇನ್ನೊಂದು ನೂರು ವರ್ಷ ಬೇಕಾಯಿತು. 1912ರಲ್ಲಿ ಜಪಾನಿನ ಹಾಶಿಮೊಟೊ ವರ್ಣಿಸಿದ ಥೈರಾಯ್ಡ್ ರೋಗದಲ್ಲಿ ದೇಹದ ಕಾವಲು ಶಕ್ತಿಯೇ ತನ್ನ ಗ್ರಂಥಿಯ ಮೇಲೆ ಎರಗುತ್ತದೆಂಬುದು 1956ರಲ್ಲಿ ಲಂಡನ್ನಿನಲ್ಲಿ ಸಿದ್ಧವಾಯಿತು. ತೊನ್ನಿನಲ್ಲಿಯೂ ನಡೆಯುವುದು ಇದೇ. ಚರ್ಮಕ್ಕೆ ಬಣ್ಣ ಕೊಡುವ ಕಣಗಳು ಕಾವಲುಗಾರನ ಕೈಯಿಂದಲೇ ಅಳಿಯುತ್ತವೆ. ಅದೇ ಕಾವಲು ಇನ್ನೊಂದು ಅಂಗದ ಮೇಲೂ ತಿರುಗುವ ಸಂಭವವುಂಟು.

ಆ ಅಂಗಗಳಲ್ಲಿ ಥೈರಾಯ್ಡ್ ಮೊದಲನೆಯದು. ಕಾರಣವಿಲ್ಲದ ಆಯಾಸ, ಮೈತೂಕದ ಏರಿಳಿತ, ಚಳಿ ತಡೆಯದಿರುವುದು, ಮುಟ್ಟಿನ ಏರುಪೇರು, ಕುತ್ತಿಗೆಯ ಊತ ಇವು ಅದರ ಸೂಚನೆಗಳು. ಎಳೆಯರಲ್ಲಿ ಇನ್ಸುಲಿನ್ ಬೇಕಾಗುವ ಬಗೆಯ ಸಕ್ಕರೆ ರೋಗ, ತಲೆಯಲ್ಲಿ ನಾಣ್ಯದಗಲ ಕೂದಲುದುರುವುದು, ಕೀಲುವಾತ, ಅಪರೂಪಕ್ಕೆ ಅಡಿಸನ್ ಕಂಡ ಗ್ರಂಥಿರೋಗ ಇವೂ ಜೊತೆಗೂಡಬಹುದು. ಇನ್ನೊಂದು, ಜಠರವು ಬಿ12 ಜೀವಸತ್ವವನ್ನು ಹೀರಿಸಿಕೊಡಲಾರದೆ ಹೋಗುವ ರಕ್ತಹೀನತೆ. ನಾಲಿಗೆ ಉರಿ, ಕಾಲು ಜೋಮು, ಮುಖ ಬಿಳಿಚುವುದು ಅದರ ಲಕ್ಷಣ. ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಬಿ12 ಮೊದಲೇ ಕಡಿಮೆಯಿರುವುದುಂಟು. ಆದುದರಿಂದ ಆಹಾರದ ಕೊರತೆಯೆಂದು ಸುಮ್ಮನಾಗದೆ ಜಠರದ ದೋಷವನ್ನೂ ವೈದ್ಯರು ನೋಡಬೇಕಾಗುತ್ತದೆ. ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆಂಬ ಮಾತನ್ನು ನೀವೂ ಕೇಳಿರಬಹುದು. ಮೀನಿನ ವಾಸನೆಯನ್ನೇ ಅರಿಯದ ನಮ್ಮವರ ಮನೆಗಳಿಗೆ ಅದು ಬಂದುದು ಹೇಗೆಂದು ಹೇಳಿದವರು ಉತ್ತರಿಸಲಿ!

ತೊನ್ನುಳ್ಳವರೆಲ್ಲರಿಗೂ ಈ ಬೇನೆಗಳು ಬರುತ್ತವೆಂದು ಭಾವಿಸಬಾರದು. ಬಹುಮಂದಿಗೆ ಮಚ್ಚೆಯ ಹೊರತು ಬೇರೇನೂ ಇರುವುದಿಲ್ಲ. ಮೈಯ ಒಂದೇ ಪಕ್ಕಕ್ಕೆ ಸೀಮಿತವಾದ ತೊನ್ನಿನಲ್ಲಂತೂ ಇವು ವಿರಳ. ಆದರೆ ಮಗಳನ್ನು ನಾಲ್ಕು ಗೋಡೆಯೊಳಗೆ ಮರೆಮಾಡಿದ ಮನೆಯಲ್ಲಿ ಅವಳ ಬಳಲಿಕೆಯನ್ನು ಮನಸ್ಸಿನ ಕೊರಗೆಂದೇ ಎಣಿಸುತ್ತಾರೆ. ದಿನಕ್ಕೊಂದು ಮಾತ್ರೆಯಿಂದ ಹತೋಟಿಗೆ ಬರುವ ಥೈರಾಯ್ಡ್ ದೋಷ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ಬಾವಂಚಿ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಕೂರಿಸುವ ಪದ್ಧತಿ ಹಳೆಯದು, ಅದರಲ್ಲಿ ಸತ್ತ್ವವೂ ಇದೆ. ವೈದ್ಯರ ಮೇಲ್ವಿಚಾರಣೆಯಿಲ್ಲದೆ ಮಾಡಿದರೆ ಚರ್ಮ ಸುಟ್ಟು ಬೊಬ್ಬೆಯೇಳುತ್ತದೆ. ಮೇಲಿನ ಯಾವ ಸಂಗಾತಿಯನ್ನೂ ಅದು ಮುಟ್ಟುವುದಿಲ್ಲ.

ಥೈರಾಯ್ಡ್, ಸಕ್ಕರೆ, ರಕ್ತದ ಅಂಶ ಇವುಗಳ ಪರೀಕ್ಷೆಗೆ ಒಂದಿಷ್ಟು ರಕ್ತ ಸಾಕು. ಥೈರಾಯ್ಡ್ ಪರೀಕ್ಷೆಯನ್ನು ಮಾತ್ರ ವೈದ್ಯರು ಹೇಳಿದಂತೆ ಕಾಲಕಾಲಕ್ಕೆ ಮತ್ತೆ ಮಾಡಿಸಬೇಕು; ಮೊದಲ ಸಲ ಸರಿಯಿದ್ದ ಗ್ರಂಥಿ ಕೆಲವು ವರ್ಷಗಳ ಮೇಲೆ ಕುಗ್ಗುವುದುಂಟು.